ಗರಿಯಲ್ಲಿ ವಯಸ್ಸು ಓದಿದವರು

ಮಲ್ಪೆ ಬಂದರಿನಲ್ಲಿ ಮೀನಿಗೆ ಮುತ್ತುವ ಗಲ್ ಹಕ್ಕಿಗಳನ್ನು ಬಿಡಿಸಿ ನೋಡಲು ನನಗೆ ಕಲಿಸಿದ್ದು ಪೀಟರ್ ಗ್ರಾಂಟ್ ಪುಸ್ತಕ. ಗಲ್‌ಗಳು ಗರಿ ಬದಲಿಸುವ ಬಗೆಯನ್ನು ಅಮೆರಿಕದ ಜೊನಾಥನ್ ಡ್ವೈಟ್ 1925ರಲ್ಲೇ ದೊಡ್ಡ ಗ್ರಂಥವಾಗಿಸಿದ್ದರು. ಆದರೆ ಅದು ಮ್ಯೂಸಿಯಮ್ಮಿನಲ್ಲಿ ಸತ್ತ ಹಕ್ಕಿಯನ್ನು ಕೈಯಲ್ಲಿ ಹಿಡಿದವರಿಗೆ. ದುರ್ಬೀನು ಹಿಡಿದವರಿಗೆ ದಾರಿ ತೆರೆದದ್ದು ಇಂಗ್ಲೆಂಡಿನ ಗ್ರಾಂಟ್, 1982ರಲ್ಲಿ. ದೊಡ್ಡ ಗಲ್‌ಗಳು ಬೆಳೆದ ಹಕ್ಕಿಯ ಬಣ್ಣಕ್ಕೆ ಬರಲು ಸುಮಾರು ನಾಲ್ಕು ವರ್ಷ ಬೇಕು. ಅಷ್ಟೂ ಹಂತಗಳನ್ನು ಅವರು ಬಿಡಿಬಿಡಿಯಾಗಿ ತೋರಿಸಿದರು. ಆ ಋಣ ದೊಡ್ಡದು.

ನಮ್ಮ ಕಂದುತಲೆ, ಕರಿತಲೆ ಗಲ್‌ಗಳಿಗೆ ಚಳಿಗಾಲದಲ್ಲಿ ತಲೆಯ ಬಣ್ಣ ಹೋಗಿ ಕಿವಿಯ ಬಳಿ ಮಸಿಬೊಟ್ಟಷ್ಟೇ ಉಳಿಯುತ್ತದೆ. ರೆಕ್ಕೆ ಬಿಚ್ಚುವವರೆಗೆ ಕಾಯಬೇಕು. ಬೆಳೆದ ಕಂದುತಲೆಯದಕ್ಕೆ ಕಪ್ಪು ರೆಕ್ಕೆತುದಿಯಲ್ಲಿ ಬಿಳಿ ಮಚ್ಚೆ, ಕಣ್ಣು ತಿಳಿ. ಕರಿತಲೆಯದಕ್ಕೆ ರೆಕ್ಕೆಯ ಮುಂದಿನ ಅಂಚಿಗೆ ಬಿಳಿ ಪಟ್ಟಿ, ಕಣ್ಣು ಕಡುಗಪ್ಪು. ಬಾಲದ ಅಂಚಿನಲ್ಲಿ ಕಪ್ಪು ಪಟ್ಟೆ ಕಂಡರೆ ಅದಕ್ಕಿನ್ನೂ ಮೊದಲ ಚಳಿಗಾಲ.