ಯಕೃತ್ತಿನ ಗಾಯವನ್ನು ಅಳೆದ ಬಗೆ

ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು ಯಕೃತ್ತಿನಲ್ಲಿ ಬೀಡುಬಿಟ್ಟು, ನೋವಿಲ್ಲದೆ, ಕಾಮಾಲೆಯ ಸುಳಿವೂ ಇಲ್ಲದೆ ಹತ್ತಿಪ್ಪತ್ತು ವರ್ಷಗಳ ಕಾಲ ಜೀವಕೋಶಗಳನ್ನು ಕೊಲ್ಲುತ್ತ, ಅವುಗಳ ಸ್ಥಾನದಲ್ಲಿ ನಾರನ್ನು ಬೆಳೆಸುತ್ತ ಹೋಗುವಾಗ, ಆ ಹಾನಿ ಎಲ್ಲಿಯವರೆಗೆ ಮುಟ್ಟಿದೆಯೆಂದು ಅರಿಯಲು ವೈದ್ಯರಿಗೆ ಬಹುಕಾಲ ನೆಚ್ಚಿಕೆಯಾಗಿದ್ದುದು ಸೂಜಿಯೊಂದೇ. 1883ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಮಧುಮೇಹದ ಅಧ್ಯಯನಕ್ಕಾಗಿ ಯಕೃತ್ತಿಗೆ ಸೂಜಿಯಿಳಿಸಿದುದನ್ನು ಈ ಪರಿಪಾಠದ ಆರಂಭವೆಂದು ಎಣಿಸುತ್ತಾರೆ; ಅದು ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದುದು 1958ರಲ್ಲಿ ಇಟಲಿಯ ಜಾರ್ಜಿಯೋ ಮೆಂಗಿನಿ ತಮ್ಮ ‘ಒಂದು ಸೆಕೆಂಡಿನ’ ವಿಧಾನವನ್ನು ಪ್ರಕಟಿಸಿದ ಮೇಲೆ. ರೋಗಿ ಉಸಿರನ್ನು ಹೊರಬಿಟ್ಟು ಹಾಗೆಯೇ ತಡೆದಿರಬೇಕು; ಬಲಪಕ್ಕೆಯ ಎಲುಬುಗಳ ನಡುವೆ ಹೊಕ್ಕ ಸೂಜಿ ನೂಲಿನಂಥ ತುಣುಕೊಂದನ್ನು ಸೆಳೆದು ತರಬೇಕು; ಅನಂತರ ಒಳಗೆಲ್ಲಿಯಾದರೂ ರಕ್ತ ಸೋರುತ್ತಿದೆಯೋ ಎಂದು ಗಂಟೆಗಟ್ಟಲೆ ನಾಡಿ ನೋಡುತ್ತ ಕಾಯಬೇಕು. ಇಷ್ಟು ಪಾಡುಪಟ್ಟು ದೊರೆತ ತುಣುಕಾದರೋ ಇಡೀ ಯಕೃತ್ತಿನ 50,000ದಲ್ಲಿ ಸುಮಾರು ಒಂದು ಪಾಲು.

ರಕ್ತದಿಂದಲೇ ಈ ಸಂಗತಿಯನ್ನು ತಿಳಿಯುವ ಯತ್ನಗಳಲ್ಲಿ ಪ್ಯಾರಿಸಿನ ಪೊಯ್ನಾರ್ ಮತ್ತು ಸಂಗಡಿಗರು 2001ರಲ್ಲಿ ಐದು ರಕ್ತದ್ರವ್ಯಗಳನ್ನು ಬೆಸೆದು ರೂಪಿಸಿದ ಫೈಬ್ರೊಟೆಸ್ಟ್ ಗಣ್ಯವಾದುದು. ಆದರೆ ಅದರ ಸೂತ್ರ ಸ್ವಾಮ್ಯಕ್ಕೊಳಪಟ್ಟುದರಿಂದ ಬಡ ಆಸ್ಪತ್ರೆಗಳ ಕೈಗೆ ಸುಲಭವಾಗಿ ಎಟುಕಲಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಹಿರಿದಾದುದು, 2003ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ವೈದ್ಯರು ಪ್ರಕಟಿಸಿದ ‘ಎಪಿಆರ್‌ಐ’ ಎಂಬ ಗಣನೆ. ಏಕೆಂದರೆ ಅದು ಹೊಸತೇನನ್ನೂ ಬೇಡಲಿಲ್ಲ. 1954ರಲ್ಲಿ ನ್ಯೂಯಾರ್ಕಿನಲ್ಲಿ ಹೃದಯಾಘಾತದ ಕುರುಹಾಗಿ ಬೆಳಕಿಗೆ ಬಂದ ಎಎಸ್‌ಟಿ ಕಿಣ್ವ, ಮತ್ತು ಯಾವ ಸಣ್ಣ ಪ್ರಯೋಗಶಾಲೆಯಲ್ಲಿಯೂ ಎಣಿಸಬಹುದಾದ ಪ್ಲೇಟ್‌ಲೆಟ್ಟುಗಳು, ಇವೆರಡೇ ಅದಕ್ಕೆ ಸಾಕು. ಯಕೃತ್ತಿನ ಕೋಶ ಒಡೆದರೆ ಕಿಣ್ವ ರಕ್ತಕ್ಕಿಳಿಯುತ್ತದೆ. ನಾರು ಬಲಿತು ರಕ್ತದ ಹಾದಿಗೆ ಅಡ್ಡವಾದರೆ ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್ಟುಗಳನ್ನು ತನ್ನಲ್ಲೇ ಹಿಡಿದಿಡುತ್ತದೆ. ಎಎಸ್‌ಟಿಯ ಮೇಲ್ಮಿತಿ 40 ಇರುವಲ್ಲಿ ರೋಗಿಗೆ 80 ಬಂದಿದ್ದರೆ ಅದು ಎರಡು ಪಟ್ಟು. ಪ್ಲೇಟ್‌ಲೆಟ್ಟುಗಳು ಒಂದು ಲಕ್ಷ, ಎಂದರೆ ಸಾವಿರದ ಲೆಕ್ಕದಲ್ಲಿ 100. ಎರಡನ್ನು 100ರಿಂದ ಭಾಗಿಸಿ 100ರಿಂದ ಗುಣಿಸಿದರೆ ದೊರೆಯುವುದು 2. 1.5ನ್ನು ಮೀರಿದ ಈ ಅಂಕ ಗಣನೀಯವಾದ ನಾರನ್ನು ಸೂಚಿಸುತ್ತದೆ. 2006ರ ‘ಫಿಬ್-4’ ಇದರೊಡನೆ ವಯಸ್ಸನ್ನೂ ಎಎಲ್‌ಟಿ ಕಿಣ್ವವನ್ನೂ ಕೂಡಿಸಿಕೊಂಡಿತು.

ಎಪಿಆರ್‌ಐ ಗಣನೆ ನಿರ್ದುಷ್ಟವೆಂದು ಯಾರೂ ಹೇಳರು. 0.5ಕ್ಕೂ 1.5ಕ್ಕೂ ನಡುವೆ ಬಿದ್ದವರ ಸ್ಥಿತಿ ಸಂದಿಗ್ಧವಾಗಿಯೇ ಉಳಿಯುತ್ತದೆ. ಡೆಂಗ್ಯೂ ಜ್ವರದಲ್ಲಿ ಪ್ಲೇಟ್‌ಲೆಟ್ಟುಗಳು ಕುಸಿದು ಎಎಸ್‌ಟಿ ಏರುವುದರಿಂದ, ಆ ದಿನಗಳ ರಕ್ತವನ್ನು ನಂಬಿ ಯಕೃತ್ತಿನ ತೀರ್ಪು ನೀಡಲಾಗದು. ಆದರೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಸಾಧನಸಂಪತ್ತು ಕಡಮೆಯಿರುವ ನಾಡುಗಳ ಹೆಪಟೈಟಿಸ್ ಬಿ ರೋಗಿಗಳಿಗಾಗಿ ಇದನ್ನೇ ಮುಂದಿಟ್ಟಿತು. 2024ರ ಮಾರ್ಗಸೂಚಿಯಲ್ಲಿ, ಅಂಕ 0.5ನ್ನು ದಾಟಿದ ವಯಸ್ಕರಿಗೆ, ಸೂಜಿಯ ಸಾಕ್ಷ್ಯಕ್ಕೆ ಕಾಯದೆ, ಔಷಧವನ್ನು ಆರಂಭಿಸಬಹುದೆಂದು ಸೂಚಿಸಿತು.