ರಾಜೀನಾಮೆಗೆ ಸಹಿ ಹಾಕುವ ಮುನ್ನ

ರಾಜಧಾನಿ ವಲಯದಲ್ಲಿ ದುಡಿಯುತ್ತಿರುವ ನಮ್ಮವರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಸಿಬ್ಬಂದಿ ಹೆಚ್ಚಾಯಿತೆಂದು ಕೈಬಿಡುವ ಸಂಸ್ಥೆಯು ರಾಜೀನಾಮೆಯನ್ನು ಕೇಳಿದರೆ ಅವಸರದಿಂದ ಸಹಿ ಹಾಕದಿರಿ. ಸ್ವಇಚ್ಛೆಯಿಂದ ಬಿಟ್ಟ ಕೆಲಸಕ್ಕೆ ಉದ್ಯೋಗ ಕಡಿತದ ಪರಿಹಾರವಿಲ್ಲ.

1947ರ ಕೈಗಾರಿಕಾ ವಿವಾದ ಕಾಯ್ದೆಯ ಸ್ಥಾನಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆಯು 2025ರ ನವೆಂಬರ್ 21ರಂದು ಬಂದಿದೆ. ಒಂದು ವರ್ಷ ಸತತವಾಗಿ ದುಡಿದವರಿಗೆ ಕಾರಣ ತಿಳಿಸುವ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅಷ್ಟು ವೇತನ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲತಕ್ಕದ್ದು. ಗ್ರಾಚ್ಯುಟಿ ಇದರಿಂದ ಪ್ರತ್ಯೇಕ. ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನೇ ಮೊದಲು ಕೈಬಿಡಬೇಕು.

‘ನಾನು ಎಂಜಿನಿಯರ್, ಕಾರ್ಮಿಕನಲ್ಲ’ ಎಂಬ ಸಂಕೋಚ ನಮ್ಮವರಲ್ಲಿ ಬಹಳ. ಇದು ಅನೇಕರಿಗೆ ನಷ್ಟವನ್ನೇ ತರುತ್ತದೆ. ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ವಾಸ್ತವವಾಗಿ ಮಾಡುವ ಕೆಲಸವನ್ನು. ಆಡಳಿತಾಧಿಕಾರವುಳ್ಳವರೂ ತಿಂಗಳಿಗೆ 18,000 ರೂಪಾಯಿ ಮೀರಿದ ವೇತನದ ಮೇಲ್ವಿಚಾರಕರೂ ಈ ರಕ್ಷಣೆಯ ಹೊರಗಿದ್ದಾರೆ. ಅವರಿಗೆ ನೇಮಕಾತಿ ಕರಾರೇ ಮುಖ್ಯ ಆಧಾರ.

‘ಯೋಜನೆ ಮುಗಿಯಿತು’ ಎಂಬ ಕಾರಣವೊಂದೇ ಸಾಲದು. ಕರ್ನಾಟಕದ ದೂರಸಂಪರ್ಕ ಇಲಾಖೆಯ ದಿನಗೂಲಿಗಳ ಪ್ರಕರಣದಲ್ಲಿ (ನೀಲಜಕರ್, 2003) ಸರ್ವೋಚ್ಚ ನ್ಯಾಯಾಲಯವು, ಕೆಲಸ ಆ ಯೋಜನೆಗಷ್ಟೇ ಸೀಮಿತವೆಂದು ನೇಮಕದ ವೇಳೆಯೇ ತಿಳಿಸಿದ್ದನ್ನು ಮಾಲೀಕರು ಸಾಬೀತುಪಡಿಸಬೇಕೆಂದಿತು.

ದೂರು ಎಲ್ಲಿ? ಖಾಸಗಿ ಸಂಸ್ಥೆಗಳ ಮಟ್ಟಿಗೆ, ಮನೆ ದ್ವಾರಕಾದಲ್ಲಿದ್ದರೂ ಕಚೇರಿ ಗುರುಗ್ರಾಮದಲ್ಲಿದ್ದರೆ ಸಾಮಾನ್ಯವಾಗಿ ಹರಿಯಾಣದ ಕಾರ್ಮಿಕ ಇಲಾಖೆಗೆ, ನೊಯಿಡಾದಲ್ಲಿದ್ದರೆ ಉತ್ತರಪ್ರದೇಶದ ಇಲಾಖೆಗೆ ಹೋಗಬೇಕು. ನೇಮಕಪತ್ರ, ವೇತನ ಚೀಟಿಗಳ ಪ್ರತಿಗಳನ್ನು ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ ಇಟ್ಟುಕೊಳ್ಳಿರಿ.