ಗುಮ್ಮನನ್ನು ಕರೆದವರು, ಕರೆಯಬೇಡಿ ಎಂದವರು

ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯ ಬಸಿರು, ಹೆರಿಗೆ, ಕೂಸಿನ ಆರೈಕೆಗಳ ಕುರಿತದ್ದು. ಅದರ ಕೊನೆಯ ಭಾಗದಲ್ಲಿ ಆಟಿಕೆಗಳ ವಿಷಯ ಬರುತ್ತದೆ. ಮಗುವಿಗೆ ಕೊಡುವ ಆಟಿಕೆ ಬಗೆಬಗೆಯದಾಗಿರಬೇಕು, ಸದ್ದು ಮಾಡುವಂತಿರಬೇಕು, ನೋಡಲು ಚೆಂದವಿರಬೇಕು. ಭಾರವಿರಬಾರದು, ತುದಿ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಜೀವಕ್ಕೆ ಅಪಾಯ ತರುವಂತಿರಬಾರದು. ಇವತ್ತು ಆಟಿಕೆಯ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಎಚ್ಚರಿಕೆಯೂ ಹೆಚ್ಚುಕಡಿಮೆ ಇಷ್ಟೇ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಈ ಪಟ್ಟಿಯಲ್ಲಿ ನನಗೆ ಇಷ್ಟವಾಗುವುದು ಬಾಯಿಯ ಮಾತು. ಅದನ್ನು ಶಾಸ್ತ್ರದಿಂದ ಶಾಸ್ತ್ರಕ್ಕೆ ನಕಲು ಮಾಡಿಕೊಂಡು ಬರೆಯಲಾಗುವುದಿಲ್ಲ. ಯಾವುದೋ ಮನೆಯಲ್ಲಿ ಯಾರೋ ಒಬ್ಬಳು ಕೂಸಿನ ದವಡೆ ಅಗಲಿಸಿ, ಬೆರಳು ಹಾಕಿ, ಜೊಲ್ಲು ಮೆತ್ತಿದ ಒಂದು ಮರದ ಚೂರನ್ನು ಹೊರಗೆಳೆದ ಮೇಲೆಯೇ ಇಂಥ ನಿಯಮ ಹುಟ್ಟಲು ಸಾಧ್ಯ.

ಆಟಿಕೆಯ ಮಾತು ಮುಗಿದ ಕೂಡಲೇ ಚರಕ ಇನ್ನೊಂದು ನಿಯಮ ಹೇಳುತ್ತಾನೆ. ಮಗುವನ್ನು ಹೆದರಿಸುವುದು ಒಳ್ಳೆಯದಲ್ಲ. ಅದು ಅತ್ತರೂ, ಉಣ್ಣದಿದ್ದರೂ, ಹೇಳಿದ ಮಾತು ಕೇಳದಿದ್ದರೂ ರಾಕ್ಷಸ, ಪಿಶಾಚಿ, ಪೂತನಿ ಮೊದಲಾದವರ ಹೆಸರು ಹೇಳಿ ಬೆದರಿಸಬಾರದು.

ಯಾರೂ ಮಾಡದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. ಶಾಸನ, ಸ್ಮೃತಿ, ಸುತ್ತೋಲೆ ಯಾವುದನ್ನು ಓದುವಾಗಲೂ ಇತಿಹಾಸದ ವಿದ್ಯಾರ್ಥಿಗಳು ಮೊದಲು ಕಲಿಯುವ ಪಾಠ ಇದು. ಚರಕನ ಒಂದು ವಾಕ್ಯದೊಳಗೆ ಒಂದು ಸಂಜೆ ಪೂರ್ತಿ ಅಡಗಿದೆ. ಬಟ್ಟಲಲ್ಲಿ ಅನ್ನ ಆರುತ್ತಿದೆ, ಮಗು ಬಾಯಿ ಬಿಗಿದುಕೊಂಡಿದೆ, ಕೈತುತ್ತು ಹಿಡಿದವಳು ಬಾಗಿಲ ಕಡೆ ನೋಡಿ ಪೂತನಿಯನ್ನು ಕರೆಯುತ್ತಿದ್ದಾಳೆ. ತಮಾಷೆಯೆಂದರೆ, ಹೆದರಿಸಬೇಡಿ ಎಂದ ಮೇಲೆ ಗ್ರಂಥ ಮಗುವಿನ ಕಾಯಿಲೆಗಳ ಕಡೆಗೆ ಹೊರಟುಬಿಡುತ್ತದೆ. ಹಾಗಾದರೆ ಉಣ್ಣಿಸುವುದು ಹೇಗೆ ಎಂಬುದಕ್ಕೆ ಉತ್ತರವಿಲ್ಲ. ಅನ್ನ ಇನ್ನೂ ಬಟ್ಟಲಲ್ಲೇ ಇದೆ.

ಮಕ್ಕಳನ್ನು ಸಾಕುವ ದಿನನಿತ್ಯದ ಗೋಳಾಟಕ್ಕೆ ನಮ್ಮಲ್ಲಿ ದಾಖಲೆಗಳು ಕಡಿಮೆ. ವೀರಗಲ್ಲು ಸತ್ತವನನ್ನು ನೆನೆಯುತ್ತದೆ, ದತ್ತಿಶಾಸನ ಕೊಟ್ಟವನನ್ನು ನೆನೆಯುತ್ತದೆ. ಮೂರು ತಾಸು ತೊಟ್ಟಿಲು ತೂಗಿದವಳ ಹೆಸರಿನಲ್ಲಿ ಯಾರೂ ಕಲ್ಲು ನೆಡಿಸಲಿಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಕ್ಕಳಿಗೊಂದು ಪ್ರಕರಣವಿದೆ, ನಿಜ. ಆದರೆ ಅದು ಇರುವುದು ರಾಜನ ಉಪಭೋಗಗಳ ಪಟ್ಟಿಯಲ್ಲಿ. ಸ್ನಾನ, ತಾಂಬೂಲ, ಊಟ, ಹಾಸಿಗೆಗಳ ಸಾಲಿನಲ್ಲಿ ಮಗನೂ ಒಂದು ಸುಖ. ಕೈಗೆ ಎತ್ತಿಕೊಂಡು ಮುದ್ದಾಡಿ, ಒದ್ದೆ ಮಾಡಿದ ಕೂಡಲೇ ದಾಸಿಯ ಕೈಗೆ ದಾಟಿಸುವವರಿಗೆ ಮಕ್ಕಳು ಉಪಭೋಗವೇ ಇರಬೇಕು. ಬೀಸುಕಲ್ಲಿನ ತ್ರಿಪದಿಗಳ ಸಂಗತಿ ಬೇರೆ. ಉತ್ತರ ಕರ್ನಾಟಕದ ಗರತಿಯರು ಅಳುವ ಕೂಸಿನ ತುಟಿಯನ್ನು ಹವಳಕ್ಕೆ ಹೋಲಿಸಿ ಹಾಡುವಾಗ ಕೂಸು ಪಕ್ಕದಲ್ಲೇ ನಿಜವಾಗಿಯೂ ಅಳುತ್ತಿರುತ್ತದೆ, ಕೈ ಬೀಸುಕಲ್ಲಿನ ಗೂಟದ ಮೇಲಿರುತ್ತದೆ. ಆ ಹೋಲಿಕೆಯಲ್ಲಿ ಮುದ್ದು ಎಷ್ಟು, ಬೇರೆ ದಾರಿಯಿಲ್ಲದ್ದು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಇಂಥ ಬರಗಾಲದಲ್ಲಿ ನನಗೆ ಆಧಾರವಾಗಿ ಕಂಡವನು ಗುಮ್ಮ. ಗೊಗ್ಗಯ್ಯ ಎಂದರೂ ಅವನೇ. ತೆಲುಗಿನ ಬೂಚಿ, ತಮಿಳಿನ ಪೂಚ್ಚಾಂಡಿ, ಮರಾಠಿಯ ಬಾಗುಲಬುವಾ, ಹಿಂದಿಯ ಹವ್ವಾ, ಬಂಗಾಳಿಯ ಜುಜು ಎಲ್ಲ ಅವನ ದಾಯಾದಿಗಳು. ಯಾವ ಭಾಷೆಯಲ್ಲೂ ಇವನಿಗೆ ಸರಿಯಾದ ರೂಪವಿಲ್ಲ, ಪುರಾಣವಿಲ್ಲ, ಗುಡಿಯಿಲ್ಲ. ದೆವ್ವಕ್ಕೆ ಸತ್ತುಹೋದ ಒಬ್ಬ ಮನುಷ್ಯನ ಹಿನ್ನೆಲೆಯಾದರೂ ಇರುತ್ತದೆ. ಗುಮ್ಮ ಹಾಗಲ್ಲ. ಊಟದ ಹೊತ್ತಿಗೆ, ಮಲಗುವ ಹೊತ್ತಿಗೆ ಹುಟ್ಟುತ್ತಾನೆ, ಕೆಲಸವಾದ ಮೇಲೆ ಇಲ್ಲವಾಗುತ್ತಾನೆ.

ಕನ್ನಡದಲ್ಲಿ ಅವನ ಅತ್ಯಂತ ಪ್ರಸಿದ್ಧ ವಿಳಾಸ ಪುರಂದರದಾಸರ ಒಂದು ಕೀರ್ತನೆ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ಯಶೋದೆಯನ್ನು ಅಂಗಲಾಚುವ ಹಾಡು ಅದು. ಸಂಗೀತ ಕಛೇರಿಯಲ್ಲಿ ಕೇಳುವಾಗ ನಾವು ರಾಗದ ಹಿಂದೆ ಹೋಗಿಬಿಡುತ್ತೇವೆ. ಮಾತಿನ ಹಿಂದೆ ಹೋದರೆ ಅದೊಂದು ತಪ್ಪೊಪ್ಪಿಗೆಯ ಪತ್ರ. ಸುಮ್ಮನಿರುತ್ತೇನೆ, ಅಳುವುದಿಲ್ಲ, ಮಮ್ಮು ಉಣ್ಣುತ್ತೇನೆ ಎಂದು ಆರಂಭವಾಗುತ್ತದೆ. ಆಮೇಲೆ ಹುಡುಗಿಯರ ಕಣ್ಣು ಮುಚ್ಚುವುದಿಲ್ಲ, ಮಕ್ಕಳನ್ನು ಬಡಿಯುವುದಿಲ್ಲ, ಅಣ್ಣನನ್ನು ಬೈಯುವುದಿಲ್ಲ, ಬೆಣ್ಣೆ ಕೇಳುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಬಾವಿಯ ಹತ್ತಿರ ಹೋಗುವುದಿಲ್ಲ. ಯಾರೂ ಕೇಳದೆಯೇ ಮಗು ತನ್ನ ಇಡೀ ದಿನದ ದಿನಚರಿಯನ್ನು ಬಾಯಿಬಿಡುತ್ತದೆ. ಪೊಲೀಸರ ಮುಂದೆ ಕೂತ ಹೊಸ ಕಳ್ಳನ ಹಾಗೆ.

ಈ ಪಟ್ಟಿಯನ್ನು ತಿರುಗಿಸಿ ಓದಿದರೆ ಅದು ತಾಯಿಯ ದಿನಚರಿ. ನೆರೆಮನೆಯವರ ದೂರು, ಅಣ್ಣತಮ್ಮಂದಿರ ಜಗಳ, ಮಣ್ಣು ತುಂಬಿದ ಬಾಯಿ, ಕಟ್ಟೆಯಿಲ್ಲದ ಬಾವಿ. ಕೊನೆಯದು ತಮಾಷೆಯಲ್ಲ. ಹಳ್ಳಿಯ ಮನೆಯಲ್ಲಿ ಮಗುವನ್ನು ಹಿತ್ತಲ ಬಾವಿಯಿಂದ, ಉರಿಯುವ ಒಲೆಯಿಂದ, ಮುಸ್ಸಂಜೆಯ ಹಾವಿನಿಂದ ದೂರವಿಡಲು ಅವಳ ಬಳಿ ಬಾಗಿಲಿನ ಚಿಲಕ ಮತ್ತು ಒಂದು ಹೆಸರು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು, ಪಾಠಾಂತರಗಳು ಹಲವು. ಆದ್ದರಿಂದ ಇದು 16ನೆಯ ಶತಮಾನದ ಒಂದು ಮನೆಯ ಧ್ವನಿಮುದ್ರಣವೆಂದು ನಾನು ವಾದಿಸುವುದಿಲ್ಲ. ಆದರೆ ನಾಲ್ಕುನೂರು ವರ್ಷ ಹಾಡಿದ ತಾಯಂದಿರು ಈ ಪಟ್ಟಿ ನಮ್ಮನೆಯದಲ್ಲ ಎಂದು ಕೈಬಿಡಲಿಲ್ಲ ಎಂಬುದಂತೂ ದಾಖಲೆಯೇ.

ಹಾಡಿನಲ್ಲಿ ಎರಡು ನಗುವಿವೆ. ಒಂದು ಎಲ್ಲರಿಗೂ ಗೊತ್ತಿರುವುದು: ಕೃಷ್ಣ ತಾನು ದೇವರ ಹಾಗೆ ಒಂದೇ ಕಡೆ ಕೂತಿರುತ್ತೇನೆ ಎಂದು ಮಾತು ಕೊಡುತ್ತಾನೆ. ದೇವರು ದೇವರ ಹಾಗೆ ಇರುತ್ತೇನೆ ಎನ್ನುವುದು! ಮನೆಯಲ್ಲಿ ಕದಲದೆ ಕೂತಿರುವವನು ದೇವರ ಗೂಡಿನವನೊಬ್ಬನೇ ಎಂಬುದನ್ನು ಮಗು ನೋಡಿಟ್ಟುಕೊಂಡಿದೆ. ಇನ್ನೊಂದು ನಗು ಚರಕನನ್ನು ಓದಿದ ಮೇಲೆ ಹೊಳೆಯುವಂಥದ್ದು. ಮಗುವನ್ನು ಹೆದರಿಸಲು ಪೂತನಿಯ ಹೆಸರು ಹೇಳಬೇಡಿ ಎಂದಿದ್ದ ವೈದ್ಯ. ಭಾಗವತದಲ್ಲಿ ಆ ಪೂತನಿಯನ್ನು ಮೊಲೆಹಾಲಿನ ಜೊತೆಗೆ ಪ್ರಾಣವನ್ನೂ ಹೀರಿ ಕೊಂದವನೇ ಈ ಮಗು. ಅಂಥವನು ಹೆಸರಿಲ್ಲದ, ಮೈಯಿಲ್ಲದ ಗುಮ್ಮನಿಗೆ ನಡುಗುತ್ತಾನೆ. ಇದು ದೇವರ ನಾಟಕ ಎಂದು ಭಕ್ತರು ಹೇಳುತ್ತಾರೆ. ಮಕ್ಕಳನ್ನು ಸಾಕಿದವರಿಗೆ ಅಷ್ಟು ದೂರದ ವಿವರಣೆ ಬೇಕಾಗುವುದಿಲ್ಲ. ದೊಡ್ಡ ನಾಯಿಯ ಕಿವಿ ಎಳೆದು ಬರುವ ಮಗು ಮಿಕ್ಸಿಯ ಸದ್ದಿಗೆ ಕಿರುಚುತ್ತದೆ.

ಗುಮ್ಮನನ್ನು ಕರೆಯುವವರು, ಕರೆಯಬೇಡಿ ಎನ್ನುವವರು ಎಂಬ ಈ ಎರಡು ಪಕ್ಷ ಬೇರೆ ದೇಶಗಳಲ್ಲೂ ಇವೆ. ಕ್ರಿ.ಪೂ. ಮೂರನೆಯ ಶತಮಾನದ ಗ್ರೀಕ್ ಕವಿ ಥಿಯೋಕ್ರಿಟಸ್ ಅಲೆಕ್ಸಾಂಡ್ರಿಯಾ ನಗರದಲ್ಲಿ ಹಬ್ಬ ನೋಡಲು ಹೊರಟ ಇಬ್ಬರು ಗೆಳತಿಯರ ಕುರಿತು ಬರೆದಿದ್ದಾನೆ. ಪ್ರಾಕ್ಸಿನೋವಾ ತನ್ನ ಗಂಡನನ್ನು ಬೈಯುತ್ತಿರುವಾಗ ಮಗು ನೆಟ್ಟನೋಟದಿಂದ ಕೇಳಿಸಿಕೊಳ್ಳುತ್ತಿರುತ್ತದೆ. ಗೆಳತಿ ಎಚ್ಚರಿಸುತ್ತಾಳೆ, ಇಬ್ಬರೂ ಅವಸರದಲ್ಲಿ ಮಾತು ತಿರುಗಿಸುತ್ತಾರೆ. ಹೊರಡುವ ಹೊತ್ತಿಗೆ ಮಗು ತಾನೂ ಬರುತ್ತೇನೆಂದು ರಚ್ಚೆ ಹಿಡಿಯುತ್ತದೆ. ಮಾರ್ಮೋ ಬರುತ್ತಾಳೆ, ಕುದುರೆ ಕಚ್ಚುತ್ತದೆ ಎಂದು ಬೆದರಿಸಿ, ಎಷ್ಟು ಬೇಕಾದರೂ ಅಳು ಎಂದು ಹೇಳಿ, ಮಗುವನ್ನು ಆಳಿನ ಕೈಗೆ ಕೊಟ್ಟು ತಾಯಿ ಹೊರಟುಬಿಡುತ್ತಾಳೆ. ಮಾರ್ಮೋ ಗ್ರೀಕರ ಗುಮ್ಮಿ. ಅದಕ್ಕೆ ನೂರು ವರ್ಷ ಮೊದಲೇ ಪ್ಲೇಟೋ ತನ್ನ 'ರಿಪಬ್ಲಿಕ್'ನಲ್ಲಿ ತಾಯಂದಿರಿಗೆ ತಾಕೀತು ಮಾಡಿದ್ದ. ದೇವತೆಗಳು ನಾನಾ ದೇಶದ ಅಪರಿಚಿತರ ವೇಷದಲ್ಲಿ ರಾತ್ರಿ ತಿರುಗುತ್ತಾರೆಂಬ ಕಥೆ ಹೇಳಿ ಮಕ್ಕಳನ್ನು ಹೇಡಿಗಳಾಗಿಸಬೇಡಿ ಎಂದು. ಪ್ರಾಕ್ಸಿನೋವಾಳಿಗೆ ಆ ತಾಕೀತು ತಲುಪಿದಂತಿಲ್ಲ.

1693ರಲ್ಲಿ ಇಂಗ್ಲೆಂಡಿನ ಜಾನ್ ಲಾಕ್ ಶಿಕ್ಷಣದ ಬಗ್ಗೆ ಬರೆದ ಪುಸ್ತಕದಲ್ಲೂ ಇದೇ ದೂರು. ಮನೆಯಾಳುಗಳು ಕತ್ತಲಲ್ಲಿ ಭೂತಗಳಿವೆಯೆಂದು ಹೇಳಿ ಮಕ್ಕಳ ಮನಸ್ಸು ಕೆಡಿಸುತ್ತಾರೆ, ಆ ಭಯ ಜೀವನಪೂರ್ತಿ ಬಿಡುವುದಿಲ್ಲ ಎನ್ನುತ್ತಾನೆ. ಲಾಕ್ ಮದುವೆಯಾಗಲಿಲ್ಲ, ಸಾಕಿದ ಮಕ್ಕಳೂ ಇಲ್ಲ. ಶ್ರೀಮಂತರ ಮಕ್ಕಳಿಗೆ ಪಾಠ ಹೇಳಿದ ಅನುಭವವಿತ್ತು. 1799ರಲ್ಲಿ ಸ್ಪೇನಿನ ಚಿತ್ರಕಾರ ಗೋಯಾ ತನ್ನ ಕಪ್ರಿಚೋಸ್ ಮಾಲೆಯ ಮೂರನೆಯ ಚಿತ್ರದಲ್ಲಿ ಅಲ್ಲಿನ ಗುಮ್ಮ 'ಕೋಕೋ'ನನ್ನು ಕೆತ್ತಿದ. ತಲೆಯಿಂದ ಪಾದದವರೆಗೆ ಬಟ್ಟೆ ಹೊದ್ದ ಆಕೃತಿಯ ಮುಂದೆ ಮಕ್ಕಳು ತಾಯಿಗೆ ಅಂಟಿಕೊಂಡು ಚೀರುತ್ತಿದ್ದಾರೆ. ತಾಯಿಯ ಮುಖ ನೋಡಿ. ಅಲ್ಲಿ ಹೆದರಿಕೆಯ ಸುಳಿವಿಲ್ಲ.

ಈ ಎಲ್ಲ ಮಹನೀಯರೂ ಸರಿಯಾದದ್ದನ್ನೇ ಹೇಳಿದ್ದಾರೆ. ಆದರೆ ಬೈಸಿಕೊಂಡವರು ಯಾರು ಎಂದು ಗಮನಿಸಬೇಕು: ಚರಕನಲ್ಲಿ ಆರೈಕೆ ಮಾಡುವವರು, ಪ್ಲೇಟೋನಲ್ಲಿ ತಾಯಂದಿರು, ಲಾಕ್‌ನಲ್ಲಿ ಆಳುಗಳು. ತುತ್ತು ಕೈಯಲ್ಲಿ ಹಿಡಿದವರ ಪಕ್ಷ ಒಂದು ಸಲವೂ ಪುಸ್ತಕ ಬರೆಯಲಿಲ್ಲ. ಅವರ ವಾದ ಸಿಗುವುದು ಹಾಡುಗಳಲ್ಲಿ ಮಾತ್ರ, ಅದೂ ಮಗುವಿನ ಬಾಯಿಯಿಂದ.

ಇಲ್ಲಿಗೇ ಮುಗಿದಿದ್ದರೆ ಗುಮ್ಮನ ಚರಿತ್ರೆ ಒಂದು ನಗೆಬರಹವಾಗುತ್ತಿತ್ತು. ತೊಡಕು ಶುರುವಾಗುವುದು ಗುಮ್ಮನಿಗೆ ಮುಖ ಬಂದಾಗ. 1740ರ ದಶಕದಲ್ಲಿ ನಾಗಪುರದ ಭೋಂಸಲೆಯ ಮರಾಠಾ ಸವಾರರು ಬಂಗಾಳವನ್ನು ವರ್ಷ ವರ್ಷ ಲೂಟಿ ಮಾಡಿದರು. ಅಲ್ಲಿನ ಜೋಗುಳದಲ್ಲಿ ಇವತ್ತಿಗೂ ಮಗು ಮಲಗಿದ ಹೊತ್ತಿಗೆ ಊರಿಗೆ ಬರುವವರು ಆ 'ಬರ್ಗಿ'ಗಳೇ. ಇಂಗ್ಲಿಷ್ ತಾಯಂದಿರಿಗೆ ನೆಪೋಲಿಯನ್ 'ಬೋನಿ'ಯಾಗಿ ಒದಗಿದ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ, 1975ರಲ್ಲಿ ತೆರೆಕಂಡ 'ಶೋಲೆ'ಯಲ್ಲಿ ಡಕಾಯಿತ ಗಬ್ಬರ್ ತನ್ನ ಹೆಸರು ಹೇಳಿ ತಾಯಂದಿರು ಮಕ್ಕಳನ್ನು ಮಲಗಿಸುತ್ತಾರೆಂದು ಹೆಮ್ಮೆ ಪಡುತ್ತಾನೆ. ಸಿನಿಮಾ ನೋಡಿದ ಮನೆಗಳಲ್ಲಿ ಅವನ ಮಾತು ನಿಜವೇ ಆಯಿತು.

ದಂಡೆತ್ತಿ ಬಂದವರು, ಚಕ್ರವರ್ತಿಗಳು, ಸಿನಿಮಾದ ಖಳರು ಗುಮ್ಮನಾದರೆ ಅವರಿಗೇನೂ ನಷ್ಟವಿಲ್ಲ. ಆದರೆ ನಮ್ಮ ಊರುಗಳಲ್ಲಿ ಗುಮ್ಮನ ಮುಖ ಸಿಕ್ಕಿದ್ದು ಹೆಚ್ಚಾಗಿ ಬೀದಿಯಲ್ಲಿ ನಡೆದು ಬಂದವರಿಂದ. ನಸುಕಿನಲ್ಲಿ ಡಮರುಗ ಬಾರಿಸುತ್ತ ಶಕುನ ಹೇಳುವ ಬುಡಬುಡಿಕೆಯವರು, ಚಿಂದಿ ಆಯುವವರು, ಕಂಬಳಿ ಮಾರುವವರು. 'ಗೋಣಿಚೀಲದವನು ಹಿಡಿದುಕೊಂಡು ಹೋಗ್ತಾನೆ' ಎಂದು ಕೇಳದೆ ಬೆಳೆದವರು ನನ್ನ ಓರಗೆಯವರಲ್ಲಿ ಅಪರೂಪ. ಆ ಚೀಲದಲ್ಲಿದ್ದದ್ದು ಭಿಕ್ಷೆಯ ಜೋಳ, ಹಳೆಯ ಬಟ್ಟೆ, ತಲೆಗೂದಲು. ಬಾಗಿಲ ಸಂದಿಯಿಂದ ಇಣುಕುವ ಮಕ್ಕಳು ತಮ್ಮನ್ನು ಏನೆಂದುಕೊಂಡಿದ್ದಾರೆಂದು ಆ ಮನುಷ್ಯನಿಗೂ ಚೆನ್ನಾಗಿ ಗೊತ್ತಿರುತ್ತಿತ್ತು.

ಅಲೆಮಾರಿಗಳ ಬಗೆಗಿನ ಈ ಅಂಜಿಕೆಯನ್ನು ತಾಯಂದಿರು ಹುಟ್ಟಿಸಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲಿಸಿತು. ಅವರನ್ನು ಕೂಡಿಹಾಕಿದ ಸೆಟ್ಲ್‌ಮೆಂಟುಗಳಲ್ಲೊಂದು ಹುಬ್ಬಳ್ಳಿಯಲ್ಲಿತ್ತು. ಆ ಜಾಗವನ್ನು ಇಂದಿಗೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಅಲ್ಲಿ ದಿನವೂ ಹಾಜರಿ ಹಾಕಬೇಕಿತ್ತು, ಹೊರಗೆ ಹೋಗಲು ಪರವಾನಗಿ ಬೇಕಿತ್ತು. ಕಾಯ್ದೆ 1952ರಲ್ಲಿ ರದ್ದಾಯಿತು. ಗೋಣಿಚೀಲದವನು ರದ್ದಾಗಲಿಲ್ಲ.

2018ರಲ್ಲಿ ಅವನು ವಾಟ್ಸ್ಯಾಪ್‌ಗೆ ಬಂದ. ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆಂಬ ಸಂದೇಶಗಳು ದೇಶದುದ್ದಕ್ಕೂ ಓಡಾಡಿದವು. ಈ ಸಲ ಹೆದರಿದ್ದು ಮಕ್ಕಳಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪಿನ ಮೇಲೆ ದಾಳಿಯಾಯಿತು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅವರು ಮಾಡಿದ್ದು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದು.

ರಾಜಕೀಯ ವರದಿಗಳಲ್ಲಿ 'ಬೆಲೆಯೇರಿಕೆಯ ಗುಮ್ಮ', 'ಸೋಲಿನ ಗುಮ್ಮ' ಎಂಬ ಮಾತನ್ನು ಓದುವಾಗಲೆಲ್ಲ ಪತ್ರಿಕೆಯವರಿಗೆ ಈ ಪದದ ಮರ್ಮ ಗೊತ್ತಿದೆ ಎನಿಸುತ್ತದೆ. ಗುಮ್ಮ ಎಂದ ಕೂಡಲೇ, ಅದನ್ನು ಯಾರೋ ಕರೆದಿದ್ದಾರೆ ಎಂಬ ಅರ್ಥವೂ ಜೊತೆಗೇ ಬರುತ್ತದೆ. ಯಶೋದೆಗೆ ಇದು ಗೊತ್ತಿತ್ತು. ಅವಳು ಕರೆದ ಗುಮ್ಮನಿಗೆ ಜಾತಿಯಿಲ್ಲ, ಚೀಲವಿಲ್ಲ, ಊರಿಲ್ಲ, ಗಡ್ಡವಿಲ್ಲ. ಹಾಡಿನ ಕೊನೆಯವರೆಗೂ ಅವನು ಬರುವುದೂ ಇಲ್ಲ. ಮಗನ ಮಾತು ಕೇಳಿ ಅವಳಿಗೆ ನಗು ತಡೆಯಲಾಗದೆ ಅವನನ್ನು ಎತ್ತಿ ಅಪ್ಪಿಕೊಳ್ಳುತ್ತಾಳೆ. ಮಮ್ಮು ಉಂಡನೋ ಇಲ್ಲವೋ, ದಾಸರು ಹೇಳುವುದಿಲ್ಲ.